ತಿರುಗಿ ಬಂದ ನೀರಿನ ಬಣ್ಣ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ಮಗುವಿನ ಕೆಮ್ಮು ಇಳಿಯಿತೇ? ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಬಣ್ಣದ ಗಿರಣಿಯಲ್ಲಿ ನಡೆಯುತ್ತಿದ್ದುದರ ತಲೆಬುಡ ನನಗೇ ತಿಳಿಯದಿರುವಾಗ ನಿನಗೇನೆಂದು ಬರೆಯಲಿ?

ದೊಡ್ಡ ಯಜಮಾನರು ಗಿರಣಿಯನ್ನು ಮಗಳ ಕೈಗೊಪ್ಪಿಸಿದ್ದು ನಿನಗೆ ಗೊತ್ತೇ ಇದೆ. ಆ ಚಿಕ್ಕ ಯಜಮಾನಿ ಕಳೆದ ವರ್ಷ ನಮ್ಮನ್ನೆಲ್ಲ ಊಟದ ಕೋಣೆಯಲ್ಲಿ ಸೇರಿಸಿ, "ಇನ್ಮೇಲೆ ಬಣ್ಣದ ನೀರು ಒಂದು ಹನೀನೂ ಹಿಂದಿನ ಕಾಲುವೆಗೆ ಹೋಗ್ಬಾರ್ದು. ಶೋಧಿಸಿ ಮತ್ತೆ ನಾವೇ ಬಳಸೋಣ" ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. "ಇಷ್ಟು ದಿನ ಬಟ್ಟೆಗೆ ಬಣ್ಣ ಹಾಕ್ತಿದ್ವಿ, ಈಗ ಕಂಪನಿ ತನಗೇ ಬಣ್ಣ ಹಚ್ಕೊಳ್ತಿದೆ" ಎಂದು ಬಾಯ್ಲರಿನವನು ಗೊಣಗಿದ. ನಾನೂ ಸೆರಗು ಬಾಯಿಗಿಟ್ಟು ನಕ್ಕೆ. ಸ್ವಲ್ಪ ದಿನದಲ್ಲೇ ಗಾಜಿನ ಗೋಡೆಯ ಶೋಧಕ ಕೋಣೆ ಎದ್ದಿತು, ಬಾಗಿಲಿಗೆ ಕುಂಡದ ಗಿಡಗಳು ಬಂದವು, ಅವುಗಳ ಹಿಂದೆಯೇ ಫೋಟೋ ತೆಗೆಯುವವರೂ ಬಂದರು. ಎಲ್ಲೋ ಒಂದು ಕಳ್ಳ ಪೈಪು ಇದ್ದೇ ಇರುತ್ತದೆಂದು ಊಟದ ಬಿಡುವಿನಲ್ಲಿ ಕಾಲುವೆಯ ದಂಡೆಯುದ್ದಕ್ಕೂ ಹುಡುಕಿದೆ. ಸಿಗಲಿಲ್ಲ. ನೀರು ನಿಜವಾಗಿಯೂ ತಿಳಿಯಾಗುತ್ತಿತ್ತು. ಪೈಪು ಸಿಗದಿದ್ದಕ್ಕೆ ಸಂತೋಷಪಡುವ ಬದಲು ನನಗೆ ಕಸಿವಿಸಿಯಾಯಿತು, ನೋಡು!

ಪಂಪು, ಶೋಧಕಗಳ ಉಸ್ತುವಾರಿ ನಿನ್ನ ಭಾವನದು. ಬಣ್ಣ ಹೊಂದಿಸುವುದು ನನ್ನ ಕೆಲಸ. ಅವರು ಕಳಿಸುತ್ತಿದ್ದ ನೀರಿನಲ್ಲಿ ಎಷ್ಟು ಶೋಧಿಸಿದರೂ ಹಳೆಯ ಬಣ್ಣಗಳ ಮಸುಕು ಉಳಿಯುತ್ತಿತ್ತು. ಹಳದಿ ಹಾಕಿದರೆ ಪಾಚಿ ಬಣ್ಣವಾಗುತ್ತಿತ್ತು. ರೋಸಿ ಹೋಗಿ ಒಂದು ದಿನ ಬೇರೇನನ್ನೂ ಬೆರೆಸದೆ ಬಿಳಿ ಬಟ್ಟೆಯನ್ನು ಆ ನೀರಿನಲ್ಲೇ ಕುದಿಸಿದೆ. ಪಾರಿವಾಳದ ಕತ್ತಿನಂಥ ಬೂದು ಬಣ್ಣ ಬಂತು, ಗುಬ್ಬಿ! ಯಾವ ಕೈಪಿಡಿಯಲ್ಲೂ ಇಲ್ಲದ ಬಣ್ಣ. ಯಜಮಾನಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. 'ತಿರುಗಿ ಬಂದ ನೀರಿನ ಬಣ್ಣ' ಎಂದು ಲೇಬಲ್ ಹೊಲಿಸಿ ಮಾರುಕಟ್ಟೆಗೆ ಬಿಟ್ಟರು. ಬಟ್ಟೆ ಕೈಗೆ ಸಿಗದಂತೆ ಖರ್ಚಾಯಿತು. ಮನೆಗೆ ಬಂದರೂ ನನ್ನದು ಆ ಬಣ್ಣದ್ದೇ ಮಾತು. "ಬೂದು ಬಣ್ಣ ನೋಡಿ ಇಷ್ಟು ಕುಣಿಯೋಳನ್ನ ನಾನು ಕಂಡಿರ್ಲಿಲ್ಲ ಕಣೇ" ಎಂದು ನಿನ್ನ ಭಾವ ನಗುತ್ತಿದ್ದರು.

ನನಗೆ ಅನುಮಾನದ ವಾಸನೆ ಬಡಿದದ್ದು ಆಮೇಲೆ. ಹೊಸ ಶೋಧಕ ಬಂತು, ನೀರು ಇನ್ನಷ್ಟು ಶುದ್ಧವಾಗಬೇಕು, ಬೂದು ತೆಳುವಾಗಬೇಕು. ಕೆಲವು ದಿನ ಹಾಗೆಯೇ ಆಯಿತು. ಅಷ್ಟರಲ್ಲಿ ದೊಡ್ಡ ಆರ್ಡರ್ ಬಂತು, ಬೂದು ಮತ್ತೆ ಗಾಢವಾಯಿತು. ಬಟ್ಟೆಯ ಪ್ರತಿ ಥಾನೂ ಅಚ್ಚು ಹೊಯ್ದಂತೆ ಒಂದೇ ತರಹ. ಕೊಳೆಗೆ ಇಷ್ಟು ಶಿಸ್ತು ಎಲ್ಲಿಂದ ಬಂತು? ನಿನ್ನ ಭಾವನನ್ನು ಕೇಳಿದೆ. "ಶೋಧಕ ಕಟ್ಕೊಂಡಿದೆ, ಅದಕ್ಕೇ" ಎಂದರು. ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಬೂದು ಬಣ್ಣದೊಳಗೆ ಕೆಂಪು ಇಣುಕಿತು. ನಮ್ಮ ಉಗ್ರಾಣದ ಅಗ್ಗದ ಕಪ್ಪು ಬಣ್ಣ ಮಾತ್ರ ದೀಪದ ಕೆಳಗೆ ಹಾಗೆ ಕೆಂಪಿಗೆ ತಿರುಗುತ್ತದೆ. ಕಪ್ಪು ಬಟ್ಟೆಗೆ ಆರ್ಡರೇ ಇರಲಿಲ್ಲ. ಆದರೂ ಉಗ್ರಾಣದ ಹಿಂದೆ ಕಪ್ಪಿನ ಖಾಲಿ ಡ್ರಮ್ಮುಗಳು ಉರುಳಿ ಬಿದ್ದಿದ್ದವು. ಶುದ್ಧವಾದ ನೀರನ್ನು ಯಾರೋ ಬೇಕೆಂದೇ ಕೆಡಿಸುತ್ತಿದ್ದರು!

ನೇರ ಯಜಮಾನಿಯ ಕೋಣೆಗೆ ನುಗ್ಗಿದೆ.

"ನಾನು ಡ್ರಮ್ ಸುರೀರಿ ಅಂತ ಯಾರಿಗೂ ಹೇಳಿಲ್ಲ" ಎಂದರು. "ಬಣ್ಣ ತೆಳುವಾಗ್ಬಾರ್ದು ಅಂದೆ, ಅಷ್ಟೇ. ನೀರಂತೂ ಹೊರಗೆ ಹೋಗ್ತಿಲ್ವಲ್ಲ, ಅದು ಸುಳ್ಳಾ?"

"ಅದು ಸುಳ್ಳಲ್ಲ ಮೇಡಂ. ಲೇಬಲ್ ಸುಳ್ಳು. ತೆಗೆದುಬಿಡಿ."

"ತೆಗೆದ್ರೆ ಅದು ಬರೀ ಬೂದು ಬಟ್ಟೆ. ಅದನ್ನ ಯಾರು ಕೊಳ್ತಾರೆ?"

ನಾನು ಕೆಲಸಕ್ಕೆ ಮರಳಿದೆ. ಆದರೆ ಆ ದೊಡ್ಡ ಆರ್ಡರ್ ಕೊಟ್ಟಿದ್ದ ಖರೀದಿಯಾಕೆ ಬಂದ ದಿನ, ಯಜಮಾನಿಯ ಎದುರಿಗೇ ಎರಡು ತುಂಡು ಬಟ್ಟೆ ಮೇಜಿನ ಮೇಲೆ ಹಾಸಿದೆ. ಬರೀ ತಿರುಗಿ ಬಂದ ನೀರಿನದು ಒಂದು, ಕಪ್ಪು ಸುರಿದದ್ದು ಇನ್ನೊಂದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಕನ್ನಡಕ ಏರಿಸಿ ಎರಡನ್ನೂ ಮುಟ್ಟಿ ನೋಡಿ, "ಎರಡೂ ಚೆನ್ನಾಗಿವೆ. ಎರಡೂ ಕಳಿಸಿ, ಲೇಬಲ್ ಮಾತ್ರ ಅದೇ ಇರ್ಲಿ" ಎಂದಳು!

ಯಜಮಾನಿಯ ಮುಖ ಬಿಳುಚಿತು. ಗಾಢ ತುಂಡನ್ನು ತಮ್ಮತ್ತ ಎಳೆದುಕೊಂಡು, "ಇಲ್ಲ, ಗಾಢದ್ದಕ್ಕೆ ಆ ಲೇಬಲ್ ಕೊಡೋಕಾಗಲ್ಲ" ಎಂದರು. ದೊಡ್ಡ ಆರ್ಡರ್ ಕೈತಪ್ಪಿತು. ಈಗ ತೆಳು ಬೂದು ಮಾತ್ರ ನೇಯ್ಗೆಯವರಿಂದ ಬಂದಷ್ಟು ಬಟ್ಟೆಗೆ ಹಾಕಿ ಮಾರುತ್ತಿದ್ದೇವೆ. ಒಂದು ಪಾಳಿ ನಿಂತಿದೆ. ಬಾಯ್ಲರಿನವನು ನನ್ನನ್ನು ಮಾತನಾಡಿಸುವುದಿಲ್ಲ. ಆ ತೆಳು ಬಣ್ಣಕ್ಕೆ ಹೊಂದುವ ಇನ್ನೊಂದು ಬಣ್ಣ ಹುಡುಕು ಎಂದು ಯಜಮಾನಿ ನನಗೊಂದು ಕೋಣೆಯನ್ನೇ ಬಿಟ್ಟುಕೊಟ್ಟಿದ್ದಾರೆ. ಹುಡುಕುತ್ತಿದ್ದೇನೆ, ಸಿಕ್ಕೀತು ಅನಿಸುತ್ತದೆ. ಆದರೂ ಗುಬ್ಬಿ, ನಾನು ಅಲ್ಲಿ ನಿಂತಿರದಿದ್ದರೆ ಅವರು ಹಾಗೆ ಹೇಳುತ್ತಿದ್ದರೇ? ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ.

ಮಗುವನ್ನು ಬೆಚ್ಚಗೆ ನೋಡಿಕೋ. ನಿನ್ನವರಿಗೆ ನನ್ನ ನೆನಪು ಹೇಳು. ನಿಮ್ಮ ಮೂವರ ಮನೆ ಸದಾ ನಗುನಗುತ್ತಿರಲಿ, ಇದಕ್ಕಿಂತ ಹೆಚ್ಚೇನು ಹರಸಲಿ.

ನಿನ್ನ
ಅಕ್ಕ

ತಾ.ಕ.: ಡ್ರಮ್ ಸುರಿದದ್ದು ಯಾರೆಂದು ನೀನು ಕೇಳೇ ಕೇಳುತ್ತೀಯ. ನಿನ್ನ ಭಾವ. ಆರ್ಡರ್ ಹೋದ ದಿನ ತಾವಾಗಿಯೇ ಹೇಳಿದರು. "ನಾನು ನೀರು ಶುದ್ಧ ಮಾಡಿದಷ್ಟೂ ನಿನ್ನ ಬಣ್ಣ ಸಾಯ್ತಿತ್ತು. ನಿನ್ನ ಮುಖ ನೋಡೋಕಾಗ್ಲಿಲ್ಲ ಕಣೇ" ಎಂದರು. ನಾನು ಅತ್ತುಬಿಡಬೇಕಿತ್ತು, ಇಲ್ಲವೇ ಕ್ಷಮಿಸಿಬಿಡಬೇಕಿತ್ತು. ಎರಡೂ ಆಗಲಿಲ್ಲ. ಅದು ಅವರ ಸ್ವಂತ ಮಾತೋ, ಯಾರಾದರೂ ಹೇಳಿಕೊಟ್ಟದ್ದೋ ಎಂದು ಅವರ ಬಾಯಿಯನ್ನೇ ನೋಡುತ್ತ ನಿಂತೆ. ಈಗ ಅವರು "ಊಟ ಆಯ್ತಾ?" ಎಂದರೂ ಹಾಗೆಯೇ ನೋಡುತ್ತೇನೆ. ಅವರಿಗೆ ಅದು ಗೊತ್ತಾಗಿದೆ, ಕೇಳುವುದನ್ನೇ ಬಿಟ್ಟಿದ್ದಾರೆ.