ಗೋಡೆಯಾಚೆಯ ಮಹಾಜನರಿಗೆ

ನೆರೆದಿರುವ ಮಹಾಜನರೇ! ಅಂದರೆ, ಪಕ್ಕದ ಮನೆಯ ಅಕ್ಕಾವರೇ,

ನೀವು ಬೈದಿರೆಂದು ನನ್ನ ಕ್ಲಾರಿನೆಟ್ ಪೆಟ್ಟಿಗೆ ಸೇರಿತು. ಈಗ ಊದುವುದು ಎಲೆಕ್ಟ್ರಾನಿಕ್ ವಾದ್ಯ. ಉಸಿರಿನ ಏರಿಳಿತವೆಲ್ಲ ಕಂಪ್ಯೂಟರಿನಲ್ಲಿ ಗೆರೆಯಾಗಿ ದಾಖಲಾಗುತ್ತದೆ. ಆ ಗೆರೆಯನ್ನೇ ಪಿಟೀಲಿನ ದನಿ ಮಾಡಬಹುದು, ಶಹನಾಯಿಯ ದನಿ ಮಾಡಬಹುದು. ಹೀಗೆ ಹನ್ನೆರಡು ಮಂದಿಯ ಭರ್ಜರಿ ಮೇಳವನ್ನು ಹೆಡ್‌ಫೋನಿನೊಳಗೆ ಒಬ್ಬನೇ ಕಟ್ಟಿದ್ದೇನೆ! ಹೊರಗೆ ಬರೀ ನನ್ನ ಉಸಿರು ಕೇಳುತ್ತದೆ.

ನಾಲ್ಕು ತಿಂಗಳಾಯಿತು, ನೀವು ಗೋಡೆ ಗುದ್ದಿಲ್ಲ. "ಏನ್ರೀ, ನಿಮ್ಮ ಪೀಪಿಗೆ ರಜಾನೇ ಇಲ್ವಾ?" ಅಂತ ಬಂದಿಲ್ಲ. ನನ್ನ ಬಾಗಿಲು ಬಡಿಯುತ್ತಿದ್ದವರು ನೀವೊಬ್ಬರೇ, ಅಕ್ಕಾ.

ದಯವಿಟ್ಟು ಬೈಗುಳ ಸಿದ್ಧವಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಸ್ಪೀಕರನ್ನು ನಿಮ್ಮ ಗೋಡೆಯತ್ತ ತಿರುಗಿಸಿ, ಹನ್ನೆರಡು ಮಂದಿಯನ್ನೂ ಒಟ್ಟಿಗೆ ಬಿಡುತ್ತೇನೆ. ಬಾಗಿಲು ತೆರೆದೇ ಇಟ್ಟಿರುತ್ತೇನೆ.

ಇಂತಿ,
ನೀವೇ ಹೆಸರಿಟ್ಟ ಪೀಪಿ ಮೇಷ್ಟ್ರು