ಅತ್ತೆಗೆ ಓದಿ ಹೇಳಿದ ಅಮೆರಿಕ

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮೊಣಕಾಲು ಹೇಗಿದೆ? ಆಪರೇಷನ್ ಆದ ಕಡೆ ಊತ ಇಳಿಯಿತೇ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡುತ್ತಿದ್ದೀರೋ ಅಥವಾ ಅವರು ನೋಡಲು ಬಂದಾಗ ಮಾತ್ರ ಕಾಲೆತ್ತಿ ತೋರಿಸುತ್ತೀರೋ? ನಿಮ್ಮನ್ನು ನಾನು ಬಲ್ಲೆ. ಕೋಲು ಹಿಡಿದು ನಡೆಯಬಹುದು, ಪ್ರಯಾಣಕ್ಕೂ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಪುಟ್ಟಿ ಬರೆದಿದ್ದಳು, ಓದಿ ಜೀವ ಬಂದಂತಾಯಿತು. ಪುಟ್ಟೀ, ಈ ಪತ್ರವನ್ನು ಅಮ್ಮನಿಗೆ ಓದಿ ಹೇಳುವವಳು ನೀನೇ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನಡುವೆ ಎಲ್ಲೂ ಹಾರಿಸಬೇಡ, ನಿನ್ನ ಮೇಲೆ ದೂರು ಬಂದರೂ ಹಾರಿಸಬೇಡ. ಅತ್ತಿಗೆಯ ಮಾತಿಗೆ ಅಷ್ಟಾದರೂ ಬೆಲೆ ಕೊಡು.

ಇಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ. ನೀವು ಹೋದ ಮೇಲೆ ನಿಮ್ಮ ಪಾಲಿನ ಇಸ್ತ್ರಿಯನ್ನು ನಿಮ್ಮ ಮಗನೇ ಮಾಡುತ್ತಿದ್ದಾರೆ. ಒಂದೊಂದು ತೋಳಿಗೂ ಎರಡೆರಡು ಗೆರೆ ಬರುತ್ತದೆ. ಕೇಳಿದರೆ "ಈಗ ಅದೇ ಫ್ಯಾಷನ್ನು" ಅಂತಾರೆ. ಮೊನ್ನೆ ಬ್ಯಾಂಕ್ ಮ್ಯಾನೇಜರು ತಮ್ಮ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, "ಅಮ್ಮ ಯಾವಾಗ ಬರ್ತಾರೆ?" ಎಂದಷ್ಟೇ ಕೇಳಿ ಹೋದರು. ಅದಕ್ಕಿಂತ ನಾಲ್ಕು ಮಾತು ಬೈದಿದ್ದರೇ ವಾಸಿಯಿತ್ತು ಎಂದು ಇವರು ಸಂಜೆಯವರೆಗೂ ಗೊಣಗುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಇನ್ನು ಮುಂದೆ ಮಗಳ ಮನೆಯಲ್ಲೇ ಇರುವುದಾಗಿ ಹೇಳಿದ್ದೀರಂತೆ. "ನಿಂತು ಕೆಲಸ ಮಾಡೋಕಾಗದೋಳು ಅಂಗಡೀಲಿ ಕೂತು ಏನ್ ಮಾಡ್ಲಿ? ಸೊಸೆ ಓದೂ ಮುಗೀತು. ಇನ್ನು ನಾನಲ್ಲಿ ಯಾರಿಗೆ ಬೇಕು?" ಎಂದಿರಂತೆ. ಪುಟ್ಟಿ ಬರೆದದ್ದನ್ನು ಓದಿ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಎರಡೂ ಆರುವ ಮೊದಲೇ ಬರೆಯಲು ಕುಳಿತಿದ್ದೇನೆ. ಮಾತು ಅಲ್ಲಲ್ಲಿ ಒರಟಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಮೆರಿಕದ ಇತಿಹಾಸದಲ್ಲಿ ನಾನು ಎರಡನೆಯ ಸಲವೂ ಫೇಲಾಗಿ ಬಂದ ದಿನ ನಿಮಗೆ ನೆನಪಿರಬೇಕು. ಸಂಜೆ ಕಾಲೇಜಿನ ಉಳಿದ ಪತ್ರಿಕೆಗಳೆಲ್ಲ ಮುಗಿದು ಅದೊಂದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮೊದಲು ಹಡಗಿನಲ್ಲಿ ಬಂದು ನೆಲೆಸಿದವರಿಂದ ಹಿಡಿದು ನಮ್ಮ ಕಾಲದವರೆಗೆ, ದಿಂಬಿನಷ್ಟು ದಪ್ಪದ ಪುಸ್ತಕ. ಯಾವ ಯುದ್ಧದ ಹಿಂದೆ ಯಾವ ಕಾಯ್ದೆ ಬಂತು ಎಂಬುದೆಲ್ಲ ನನ್ನ ತಲೆಯಲ್ಲಿ ಕಲಸುಮೇಲೋಗರವಾಗಿತ್ತು. ಇನ್ನೊಂದು ಸಲ ಮಾತ್ರ ಬರೆಯಬಹುದು, ಆಮೇಲೆ ಅವಕಾಶವಿಲ್ಲ ಎಂದು ಕಾಲೇಜಿನಲ್ಲಿ ಹೇಳಿ ಕಳಿಸಿದ್ದರು. "ಸಾಕು ಬಿಡೇ, ಆ ದೇಶಕ್ಕೂ ನಮಗೂ ಏನು ನೆಂಟಸ್ತಿಕೆ?" ಎಂದು ನಿಮ್ಮ ಮಗ ಅಂದರು. ನಾನೂ ಪುಸ್ತಕ ಎತ್ತಿ ಅಟ್ಟಕ್ಕೆ ಹಾಕುವುದರಲ್ಲಿದ್ದೆ. ಆಗ ನೀವು ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡದೆಯೇ, "ಗಟ್ಟಿಯಾಗಿ ಓದೇ, ನಾನೂ ಕೇಳ್ತೀನಿ. ರೇಡಿಯೋದಲ್ಲಿ ಅದದೇ ಕೇಳಿ ಕೇಳಿ ಸಾಕಾಗಿದೆ" ಅಂದಿರಿ.

ಶುರು ಮಾಡಿದ ದಿನವೇ ತಕರಾರು ತೆಗೆದಿರಿ. ತಿಂಗಳುಗಟ್ಟಲೆ ಹಡಗಿನಲ್ಲಿ ಬಂದರು ಎಂದು ನಾನು ಓದಿದರೆ, "ಅಷ್ಟು ದಿನ ಬಟ್ಟೆ ಯಾರು ಒಗೀತಿದ್ರು?" ಎಂದು ಕೇಳಿದಿರಿ. ಅದು ಪುಸ್ತಕದಲ್ಲಿಲ್ಲ ಅತ್ತೆ ಎಂದರೆ, "ಹಂಗಾದ್ರೆ ಅದೆಂಥಾ ಪುಸ್ತಕ?" ಎಂದು ಮುಖ ತಿರುಗಿಸಿದಿರಿ. ನನಗೆ ರೇಗಿತು. ಆದರೂ ಲೈಬ್ರರಿಗೆ ಹೋಗಿ ಹುಡುಕಿದೆ. ಆ ಹಡಗು ದಡ ಮುಟ್ಟಿದ ಮೇಲೆ ಹೆಂಗಸರು ಇಳಿದು ಮೊದಲು ಬಟ್ಟೆಯನ್ನೇ ಒಗೆದರು ಎಂದು ಹಳೆಯ ದಾಖಲೆಯೊಂದರಲ್ಲಿ ಇತ್ತು. ಬಂದು ಹೇಳಿದಾಗ ನೀವು ನಕ್ಕದ್ದನ್ನು ಕೇಳಿ ಇವರು ರಸ್ತೆಯಿಂದ ಓಡಿ ಬಂದಿದ್ದರು. ನಕ್ಕು ಮುಗಿಸಿ, "ಅಲ್ಲಿ ಮೊದ್ಲೇ ಇದ್ದೋರನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ಎಂದಿರಿ. ಅದನ್ನು ತಿಳಿಯಲು ಮತ್ತೆ ಲೈಬ್ರರಿ. ಬ್ರಿಟಿಷರ ತೆರಿಗೆ ಒಲ್ಲೆವೆಂದು ಬಂದರಿನಲ್ಲಿ ಪೆಟ್ಟಿಗೆಗಟ್ಟಲೆ ಚಹಾ ನೀರಿಗೆ ಸುರಿದ ಪಾಠ ಬಂದಾಗ ಮಾತ್ರ ನಿಮಗೆ ಸ್ವಾತಂತ್ರ್ಯದ ಚಿಂತೆಯೇ ಇರಲಿಲ್ಲ, ಸುರಿದವರ ಅಂಗಿಯ ಕಲೆಯ ಚಿಂತೆ. ಹತ್ತಿಯ ಹೊಲಗಳಲ್ಲಿ ಮನುಷ್ಯರನ್ನು ಕೊಂಡು ತಂದು ದುಡಿಸಿದ ಅಧ್ಯಾಯ ಓದಿದ ದಿನ ನೀವು ಕೈಯಲ್ಲಿದ್ದ ಹತ್ತಿಯ ಅಂಗಿಯನ್ನು ಮಡಚಿಟ್ಟು, ಇಸ್ತ್ರಿಪೆಟ್ಟಿಗೆಯನ್ನು ಬದಿಗೆ ಸರಿಸಿಬಿಟ್ಟಿರಿ. ಅಂದು ನಾನೂ ಮುಂದೆ ಓದಲಿಲ್ಲ.

ನಿಮಗೆ ಬಟ್ಟೆ ಒಗೆಯುವವರ ಸುದ್ದಿ ಬೇಕಲ್ಲ ಎಂದು ಹುಡುಕುತ್ತಿದ್ದಾಗಲೇ ಆ ಅಗಸಗಿತ್ತಿಯರ ಮುಷ್ಕರ ಸಿಕ್ಕಿದ್ದು. ಅಂತರ್ಯುದ್ಧ ಮುಗಿದು, ಗುಲಾಮರೆಲ್ಲ ಬಿಡುಗಡೆಯಾದ ಮೇಲೆ, ದಕ್ಷಿಣದ ಒಂದು ಪಟ್ಟಣದಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದ ಕಪ್ಪು ಹೆಂಗಸರು ಒಟ್ಟಾಗಿ, ಸರಿಯಾದ ಕೂಲಿ ಕೊಡದಿದ್ದರೆ ನಿಮ್ಮ ಬಟ್ಟೆ ಮುಟ್ಟುವುದಿಲ್ಲ ಎಂದು ಕೂತರು. "ಕೊಳೆ ಬಟ್ಟೆ ಹಾಕ್ಕೊಂಡು ಎಷ್ಟು ದಿನ ಅಂತ ಜಂಬ ಮಾಡ್ತಾರೆ, ನೋಡೋಣ" ಎಂದು ನೀವು ನಿನ್ನೆ ಮೊನ್ನೆ ನಡೆದದ್ದರಂತೆ ಕಾಯುತ್ತಿದ್ದಿರಿ. ಮತ್ತೆ ಬಸ್ಸಿನ ಕಥೆ. ಕಪ್ಪು ಜನ ಹಿಂದಿನ ಸೀಟಿಗೇ ಹೋಗಬೇಕು ಎಂಬ ಕಟ್ಟಳೆ ಹೋಗುವವರೆಗೆ ಒಂದೂರಿನವರು ಬಸ್ಸು ಹತ್ತದೆ ವರ್ಷಕ್ಕಿಂತ ಹೆಚ್ಚು ಕಾಲ ನಡೆದೇ ಕೆಲಸಕ್ಕೆ ಹೋದದ್ದು. "ಮನೆಗೆಲಸದ ಹೆಂಗಸರೂ ನಡೆದ್ರಾ? ಮತ್ತೆ ಅವರ ಕಾಲು?" ಎಂದು ಕೇಳುತ್ತ ನಿಮ್ಮ ಮೊಣಕಾಲನ್ನು ನೀವೇ ಒತ್ತಿಕೊಳ್ಳುತ್ತಿದ್ದಿರಿ.

ಇನ್ನು ಆ ದಾರದ ಪ್ರಸಂಗ. ಯಾರ ಮನೆಯ ಬಟ್ಟೆ ಯಾವುದೆಂದು ತಿಳಿಯಲು ಕಾಲರಿನ ಒಳಗೆ ಬಣ್ಣದ ದಾರದ ಗುರುತು ಹಾಕುತ್ತೇವಲ್ಲ, ಹಾಗೆಯೇ ಒಂದೊಂದು ಘಟನೆಗೂ ಒಂದೊಂದು ಗುರುತು ಹಾಕು, ಹಿಂದುಮುಂದಾಗುವುದಿಲ್ಲ ಎಂದು ನೀವೇ ಉಪಾಯ ಹೇಳಿಕೊಟ್ಟಿರಿ. ಹಳೆಯ ಬೆಡ್‌ಶೀಟಿನ ಅಂಚಿನುದ್ದಕ್ಕೂ ಇಬ್ಬರೂ ಕೂತು ಹೊಲಿದೆವು. ಹಡಗಿಗೆ ನೀಲಿ ಗೆರೆ, ಚಹಾಕ್ಕೆ ಕಂದು ಚುಕ್ಕೆ, ಅಂತರ್ಯುದ್ಧಕ್ಕೆ ಕಪ್ಪು ಕತ್ತರಿ ಗುರುತು. ಆದರೆ ನಮಗೆ ಗೊತ್ತಿದ್ದ ಗುರುತುಗಳೆಲ್ಲ ಮೊದಲೇ ಗಿರಾಕಿಗಳ ಪಾಲಾಗಿದ್ದವು. ನೀಲಿ ಗೆರೆ ವಕೀಲರದ್ದು, ಕಂದು ಚುಕ್ಕೆ ಬೇಕರಿಯವನದ್ದು. ಪರೀಕ್ಷೆಯ ಹಿಂದಿನ ದಿನ, ಗುರುತು ಕಿತ್ತುಹೋದ ಬಟ್ಟೆಗಳಿಗೆ ಹೊಸ ದಾರ ಹಾಕಲು ಕುಳಿತವಳು ಬಾಯಲ್ಲಿ ಇತಿಹಾಸ ಒಪ್ಪಿಸುತ್ತ, ಯಾರ ಬಟ್ಟೆಯೆಂದೂ ನೋಡದೆ ಕೈಯಲ್ಲಿ ಇತಿಹಾಸದ ಗುರುತುಗಳನ್ನೇ ಸಾಲಾಗಿ ಹೊಲಿದುಬಿಟ್ಟೆ. ಇವರು ಗುರುತು ನೋಡಿ ಮರುದಿನ ಬೆಳಿಗ್ಗೆ ಎಲ್ಲವನ್ನೂ ಹಂಚಿ ಬಂದರು. ವಕೀಲರ ಕರಿ ಕೋಟು ಬೇಕರಿಯವನ ಮನೆ ಸೇರಿತು, ನರ್ಸಮ್ಮನ ಗೌನು ಬ್ಯಾಂಕ್ ಮ್ಯಾನೇಜರಿಗೆ ಹೋಯಿತು. ನಾನು ಪರೀಕ್ಷೆಗೆ ಹೊರಡುವ ಹೊತ್ತಿಗೆ ಅಂಗಡಿಯ ಮುಂದೆ ಜನ. ಇವರಿಗೆ ಕೈಕಾಲೇ ಆಡಲಿಲ್ಲ. ಗುರುತಿಲ್ಲದೆ ಯಾರ ಬಟ್ಟೆ ಯಾವುದೆಂದು ಹೇಳಬಲ್ಲವರು ನಾವಿಬ್ಬರೇ, ನೀವು ಮತ್ತು ನಾನು. ನಾನು ಚೀಲ ಕೆಳಗಿಟ್ಟು, ಪರೀಕ್ಷೆ ಹಾಳಾಗಿ ಹೋಗಲಿ ಎಂದು ಹೊರಟಾಗ ನೀವು ಭುಜ ಹಿಡಿದು ತಿರುಗಿಸಿದಿರಿ. "ನೀನು ನಿನ್ನ ಅಮೆರಿಕಕ್ಕೆ ನಡಿ. ಆ ಹೆಂಗಸ್ರು ವರ್ಷದ ಮೇಲೆ ನಡೆದ್ರು, ನಾನು ನಾಲ್ಕು ಬೀದಿ ನಡೀಲಾರೆನಾ?" ಎಂದಿರಿ.

ನಡೆದಿರಿ. ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದ ಕಾಲಲ್ಲಿ ಮನೆಮನೆಯ ಮೆಟ್ಟಿಲು ಹತ್ತಿ ಇಳಿದಿರಿ. ಸಂಜೆ ನಾನು ಬಂದಾಗ ಎಲ್ಲರ ಬಟ್ಟೆಯೂ ಅವರವರ ಮನೆ ಸೇರಿತ್ತು, ನೀವು ಮಾತ್ರ ಕುರ್ಚಿಯಿಂದ ಏಳಲಾರದೆ ಕೂತಿದ್ದಿರಿ. ಬಟ್ಟೆಯ ಕಥೆ ಬಿಟ್ಟು "ಪ್ರಶ್ನೆ ಏನೇನು ಬಂತು?" ಎಂದು ಕೇಳಿದಿರಿ. ಆ ಕಾಲು ಹೇಗಿದ್ದರೂ ಹೋಗುವುದೇ ಇತ್ತು ಎಂದು ನೀವು ಸಾವಿರ ಸಲ ಹೇಳಿ, ನಾನು ಒಪ್ಪುವುದಿಲ್ಲ.

ಗುರುವಾರ ಫಲಿತಾಂಶ ಬಂತು. ಪಾಸಾದೆ ಅತ್ತೆ. ಅಂತರ್ಯುದ್ಧದ ನಂತರ ದುಡಿಯುವ ಜನರ ಬದುಕು ಹೇಗಿತ್ತು ಎಂಬ ದೊಡ್ಡ ಪ್ರಶ್ನೆಗೆ ನಿಮ್ಮ ಅಗಸಗಿತ್ತಿಯರನ್ನೇ ಬರೆದಿದ್ದೆ. ಇದೆಲ್ಲ ಪಠ್ಯದಲ್ಲಿಲ್ಲವಲ್ಲ, ಎಲ್ಲಿ ಸಿಕ್ಕಿತು ಎಂದು ಮೇಷ್ಟ್ರು ಕೇಳಿದರು. ನಮ್ಮ ಅತ್ತೆ ಕೇಳಿದ್ದಕ್ಕೆ ಹುಡುಕಿದೆ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ನನಗೆ ಅಲ್ಲೇ ಅಳು ಬಂದು ಮಾನ ಹೋಯಿತು.

ಯಾರಿಗೆ ಬೇಕು ಎಂದಿರಲ್ಲ, ನನಗೆ ಬೇಕು. ಹೆತ್ತ ತಾಯಿಯೂ ನನ್ನ ಓದನ್ನು ಇಷ್ಟು ಆಸೆಯಿಂದ ಕೇಳಿರಲಿಲ್ಲ. ಪುಸ್ತಕದ ಕೊನೆಯ ಭಾಗವನ್ನು ನಿಮಗಿನ್ನೂ ಓದಿ ಹೇಳಿಲ್ಲ. ಒಬ್ಬಳೇ ಓದಲು ಕೂತರೆ ನಾಲ್ಕು ಸಾಲಿಗೆ ಆಕಳಿಕೆ ಬರುತ್ತದೆ, ನಡುವೆ ಬಾಯಿ ಹಾಕುವವರೇ ಇಲ್ಲ. ಪುಟ್ಟೀ, ನಿನ್ನ ಮೇಲಿನ ದೂರು ಇದೇ, ಅಮ್ಮ ಅಂಥ ಮಾತಾಡಿದಾಗ ನೀನು ಸುಮ್ಮನೆ ತಲೆಯಾಡಿಸಿದೆ ಎಂದು ನೀನೇ ಬರೆದಿದ್ದೀಯ. ಇನ್ನು ನಿಂತು ಕೆಲಸ ಮಾಡಲಾಗದು ಎಂಬ ನಿಮ್ಮ ನೆಪ. ನಿನ್ನೆ ನಿಮ್ಮ ಮಗ ಗರಗಸ ಹಿಡಿದು ನಿಮ್ಮ ಇಸ್ತ್ರಿ ಮೇಜಿನ ನಾಲ್ಕೂ ಕಾಲನ್ನು ಮೊಟಕು ಮಾಡಿದ್ದಾರೆ, ಕೂತೇ ಇಸ್ತ್ರಿ ಮಾಡುವಷ್ಟಕ್ಕೆ. ಈಗ ಆ ಮೇಜಿನಲ್ಲಿ ನಿಂತು ಕೆಲಸ ಮಾಡಿದರೆ ಇವರ ಸೊಂಟ ಹಿಡಿದುಕೊಳ್ಳುತ್ತದೆ, ನನ್ನದೂ ಅಷ್ಟೇ. ನಿಮ್ಮನ್ನು ಬಿಟ್ಟು ಅದು ಇನ್ನು ಯಾರ ಉಪಯೋಗಕ್ಕೂ ಇಲ್ಲ.

ಪುಟ್ಟಿಯ ಮನೆಯವರಿಗೆಲ್ಲ ನನ್ನ ನಮಸ್ಕಾರ. ಮಾತ್ರೆ ತಪ್ಪಿಸಬೇಡಿ. ನಿಮ್ಮ ಆಶೀರ್ವಾದ ಸದಾ ಇರಲಿ.

ನಿಮ್ಮ ಮಗಳಂಥ
ಸೊಸೆ

ಹೇಳದೆ ಬಿಟ್ಟದ್ದು: ಈ ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ಪುಟ್ಟಿ ಗಮನಿಸಿರಬೇಕು. ಇದನ್ನು ಬಾಗಿಲ ಕೆಳಗಿಂದ ಒಳಗೆ ತೂರಿಸಿದ್ದು ಅಂಚೆಯವನಲ್ಲ, ನಿಮ್ಮ ಮಗ. ಹೊರಗೇ ನಿಂತಿದ್ದಾರೆ. ಓದಿ ಮುಗಿಯುವವರೆಗೆ ಒಳಗೆ ಕಾಲಿಡಬೇಡಿ ಎಂದು ಹೇಳಿ ಕಳಿಸಿದ್ದೇನೆ, ಮೊದಲೇ ಬಂದರೆ ಊಟ ಬಡಿಸಿ, ತಲೆ ಸವರಿ, ಒಬ್ಬರನ್ನೇ ವಾಪಸ್ ಕಳಿಸಿಬಿಡುತ್ತೀರಿ. ವ್ಯಾನು ತಂದಿದ್ದಾರೆ, ಕಾಲು ಚಾಚಿ ಕೂರಲು ಹಿಂದಿನ ಸೀಟಿನಲ್ಲಿ ದಿಂಬು ಹಾಕಿಟ್ಟಿದ್ದೇನೆ. ಪುಟ್ಟೀ, ಓದಿದ್ದು ಸಾಕು, ಎದ್ದು ಬಾಗಿಲು ತೆಗೆ. ಅತ್ತೆ, ಮನೆಗೆ ಬನ್ನಿ.