ಲಾಲಸಾಬರ ಎದುರು ಕೂರುವ ಸಂಜೆ

ವೈಶಾಖ ನಲವತ್ತೊಂದು, ೨೨೧೪
ನೆಲದಡಿಯ ಕೊಲ್ಹಾರ

ಚಂದ್ರಾಮ ಮುತ್ಯಾ ಅವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ನೀಲಗಂಗಾ ಮಾಡುವ ನಮಸ್ಕಾರ.

ತಾರೀಖು ನೋಡಿ ತಪ್ಪೆಂದುಕೊಳ್ಳಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವೆಂದು ನಮ್ಮ ಹಿರಿಯರು ವೈಶಾಖಕ್ಕೆ ಐವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹೇಳಬೇಕಾಗಿರುವ ಸಂಗತಿ ಮಾತ್ರ ನಿಮಗೆ ಚೆನ್ನಾಗಿ ಗೊತ್ತಿರುವಂಥದ್ದೇ.

ಕುಡಿತ ಬಿಟ್ಟ ವರ್ಷ ನೀವು ದಿನವೂ ಬರೆದ ನೋಟ್‌ಬುಕ್ ನಮ್ಮ ಮನೆಯಲ್ಲಿ ಉಳಿದಿದೆ. "ಇಂದು ನನ್ನೊಳಗೆ ಇಣುಕಿ ನೋಡಿದೆ, ಮನಸ್ಸು ತಿಳಿಯಾಯಿತು" ಎಂದು ಪುಟಪುಟದಲ್ಲೂ ಇದೆ. ನಿಮ್ಮ ಹೆಂಡತಿಯ ಹೆಸರು ಒಮ್ಮೆಯೂ ಇಲ್ಲ. ಓದಿ ಹೇಸಿಗೆಯಾಯಿತು, ಏಕೆಂದರೆ ಅದು ನನ್ನದೇ ದನಿ.

ನಮ್ಮ ಕಾಲದ ಚಟ ತಂಪುಹನಿ. ಬಿಸಿಲಲ್ಲಿ ದುಡಿಯುವವರಿಗೆಂದು ಮಾಡಿದ ಔಷಧ ಅದು. ನಾಲಿಗೆಯ ಕೆಳಗೆ ಎರಡು ಹನಿ ಬಿಟ್ಟರೆ ಮೈಗೆ ಝಳವೇ ತಿಳಿಯುವುದಿಲ್ಲ, ಎದೆಯಲ್ಲಿ ಸುಮ್ಮನೆ ಸಂತೋಷ. ಆಗ ನನ್ನ ಕೆಲಸ ಧಗೆಗಾವಲು. ಮಧ್ಯಾಹ್ನ ಮುದುಕರೂ ಕೂಸುಗಳೂ ಮಲಗುವ ನೆಲಮಾಳಿಗೆಯ ಬಾಗಿಲಲ್ಲಿ ಕೂತು, ಧೂಳಿಗೆ ಯಂತ್ರಗಳು ಕೆಡುವುದರಿಂದ ನನ್ನ ಚರ್ಮವನ್ನೇ ನಂಬಿ, ಝಳ ಏರಿದ ಕೂಡಲೇ ಗಾಳಿಕಿಂಡಿ ತೆರೆಯಬೇಕಿತ್ತು. ಅಂಥವಳು ಹನಿ ಹಿಡಿದೆ. ಸಿಕ್ಕಿಬಿದ್ದೆ, ಬಿಟ್ಟೆ, ಬಿಟ್ಟೆನೆಂದು ಕೆಲಸಕ್ಕೆ ಮರಳಿದೆ.

ಹನಿ ಬಿಟ್ಟವರು ಸಂಜೆಗೊಮ್ಮೆ ಒಬ್ಬರ ಎದುರು ಕೂತು ಅಂದು ಮಾಡಿದ್ದನ್ನೆಲ್ಲ ಹೇಳಬೇಕು. ಇದನ್ನು ನಾವು ಎದುರುಕೂರುವುದು ಎನ್ನುತ್ತೇವೆ. ನನ್ನ ಎದುರು ಕೂತವರು ಮಾಬವ್ವ, ಊರಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವರು. ನಾನು ಎಷ್ಟು ಚಂದ ಹೇಳುತ್ತಿದ್ದೆ! ಸಣ್ಣ ತಪ್ಪುಗಳನ್ನು ಆರಿಸಿ ತರುತ್ತಿದ್ದೆ: ಒಬ್ಬರ ಮೇಲೆ ರೇಗಿದ್ದು, ಒಂದು ಸಣ್ಣ ಅಸೂಯೆ. ಅಳುವ ಮುನ್ನ ಎಷ್ಟು ಹೊತ್ತು ತಡೆಯಬೇಕೆಂಬುದೂ ಗೊತ್ತಿತ್ತು. ಮಾಬವ್ವ ಹೊಸಬರಿಗೆ ನನ್ನನ್ನೇ ತೋರಿಸಿ "ಹಿಂಗ ಹೇಳ್ಬೇಕ್ ನೋಡ್ರಿ" ಎನ್ನುತ್ತಿದ್ದರು. ಆ ಹೊತ್ತಿಗೆ ನಾನು ಮತ್ತೆ ಹನಿ ಹಿಡಿದು ಐದು ತಿಂಗಳಾಗಿತ್ತು.

ಒಂದು ಮಧ್ಯಾಹ್ನ ಕಿಂಡಿ ತೆರೆಯಲಿಲ್ಲ. ನನಗೆ ಹಿತವಾಗಿತ್ತು. ಒಳಗಿನವರು ಕೂಗಿ ಬಾಗಿಲು ಬಡಿದಾಗ ಎದ್ದು ತೆರೆದೆ. ಎಲ್ಲರೂ ಬದುಕಿದರು. ಮಾಬವ್ವನ ಗಂಡ ಲಾಲಸಾಬರು ಮಾತ್ರ ಎಚ್ಚರವಾದ ಮೇಲೂ ಮಾತಾಡಲಿಲ್ಲ. ಅವರ ಬಲಗೈ, ನಾಲಿಗೆ ಎರಡೂ ಸ್ವಾಧೀನ ಕಳೆದುಕೊಂಡಿದ್ದವು.

ಆ ಸಂಜೆಯೂ ನಾನು ಎದುರು ಕೂತೆ. ಕಿಂಡಿಯ ಸರಳು ಸಿಕ್ಕಿಹಾಕಿಕೊಂಡಿತು ಎಂದೆ. ಮಾಬವ್ವ ತಮ್ಮ ದುಃಖ ಬದಿಗಿಟ್ಟು ನನ್ನ ತಲೆ ಸವರಿದರು. "ನೀ ಏನ್ ಮಾಡ್ತಿ ತಂಗಿ. ಕಬ್ಬಿಣ ಐತಿ, ಕೈ ಕೊಟ್ಟೈತಿ. ಅಳಬ್ಯಾಡ." ನಾನು ಅತ್ತೆ. ಬಾಯಲ್ಲಿ ಇನ್ನೂ ಹನಿಯ ಸಿಹಿ ಇತ್ತು.

ನಾಲ್ಕು ದಿನ ಅದೇ ಸುಳ್ಳು ಹೇಳಿದೆ. ಐದನೆಯ ಸಂಜೆ ಅವರು ನನಗೆಂದು ಬಿಸಿ ರೊಟ್ಟಿ ತಂದಿಟ್ಟರು. ಒಂದು ತುತ್ತು ಮುರಿದೆ, ತಿನ್ನದೆ ಅವರೆದುರೇ ತಟ್ಟೆಗೆ ಹಿಂದಿಟ್ಟೆ. ಆಮೇಲೆ ಮೊದಲ ಬಾರಿಗೆ ಚಂದವಿಲ್ಲದ ಮಾತಾಡಿದೆ. "ಕಿಂಡಿ ಸಿಕ್ಕಿಹಾಕ್ಕೊಂಡಿರಲಿಲ್ಲ ಮಾಬವ್ವಾ. ನನಗ ಝಳಾನ ಗೊತ್ತಾಗಲಿಲ್ಲ. ಹನಿ ತಗೊಂಡಿದ್ದೆ."

ಅವರು ಬಯ್ಯಲಿಲ್ಲ. ನನ್ನ ತಲೆ ಸವರಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು. "ನಿನ್ನ ಮಾತ ಇನ್ನ ನಾ ಕೇಳಾಂಗಿಲ್ಲ. ನಮ್ಮ ಮನಿಯವರು ಕೇಳ್ತಾರ. ದಿನಾ ಬಂದು ಅವರ ಮುಂದ ಹೇಳು," ಎಂದು ಒಳಗೆ ಹೋದರು.

ಹಿರಿಯರಿಗೂ ನಾನೇ ಹೇಳಿದೆ. ಕಾವಲು ಕೆಲಸ ಹೋಯಿತು. ಈಗ ಅದೇ ನೆಲಮಾಳಿಗೆಯ ಧೂಳು ಗುಡಿಸುತ್ತೇನೆ. ಒಂಬತ್ತು ವರ್ಷದಿಂದ ಸಂಜೆಗೆ ಲಾಲಸಾಬರ ಎದುರು ಕೂರುತ್ತೇನೆ. ಅವರು ಸಮಾಧಾನ ಹೇಳಲಾರರು, ಹೊಗಳಲಾರರು. ನನ್ನ ಮಾತು ನುಣ್ಣಗಾದ ಕೂಡಲೇ ಮುಖವನ್ನು ಗೋಡೆಗೆ ತಿರುಗಿಸುತ್ತಾರೆ. ಆಗ ನಿಲ್ಲಿಸಿ, ಮೊದಲಿನಿಂದ ಹೇಳುತ್ತೇನೆ. ಕ್ಷಮಿಸಿದ್ದಾರೋ ಇಲ್ಲವೋ ಗೊತ್ತಿಲ್ಲ. ಕೇಳಿಲ್ಲ. ಕೇಳುವ ಯೋಗ್ಯತೆಯೂ ನನಗಿಲ್ಲ.

ಮುತ್ಯಾ, ಈ ಕಾಗದ ಹಿಂದಿನ ಕಾಲಕ್ಕೆ ಮುಟ್ಟುವುದಾದರೆ, ಆ ನೋಟ್‌ಬುಕ್ ಮುಚ್ಚಿಡಿ. ಯಾವುದನ್ನು ಬಿಟ್ಟು ಬರೆಯುತ್ತಿದ್ದೀರೋ ಅದನ್ನೇ ಇವತ್ತು ನಿಮ್ಮ ಹೆಂಡತಿಯ ಎದುರು ಕೂತು ಹೇಳಿ. ಅವರು ಎದ್ದು ಹೋದರೆ ನಾಳೆ ಮತ್ತೆ ಹೇಳಿ.

ಇವತ್ತು ಗುಡಿಸುವಾಗ ಹನಿಯ ಖಾಲಿ ಸೀಸೆಯೊಂದು ಸಿಕ್ಕಿತು. ಮೂಸಿ ನೋಡಿದೆ. ಖಾಲಿಯಾಗಿತ್ತಲ್ಲ ಎಂದು ಬೇಸರವಾಯಿತು. ಇದನ್ನು ಮೊದಲು ಲಾಲಸಾಬರಿಗೆ ಹೇಳಬೇಕಿತ್ತು. ಮುಖ ತಿರುಗಿಸಲಾರದ ನಿಮಗೆ ಹೇಳಿದೆ. ಹೋಗಿ ಬರುತ್ತೇನೆ, ಅವರು ಕಾಯುತ್ತಿದ್ದಾರೆ.

ನೀಲಗಂಗಾ